ಮೋಲ್ಡ್ ಹಾಕುವ ಮುಂಚೆ ನಮ್ಮನ್ನೂ ಒಮ್ಮೆ ಕರೆಯಿರಿ

ಮೈಸೂರಿನಲ್ಲಿ ಈಗ ಮನೆ ಕಟ್ಟಿಸುತ್ತಿರುವ, ಮುಂದಿನ ವರ್ಷ ಕಟ್ಟಿಸೋಣವೆಂದು ಸೈಟಿನ ಮೂಲೆಗೊಂದು ಕಲ್ಲು ನೆಟ್ಟು ಕಾಯುತ್ತಿರುವ ಎಲ್ಲ ಯಜಮಾನರಿಗೂ ಅಮ್ಮಂದಿರಿಗೂ ಈ ಪತ್ರ.

ನನ್ನನ್ನು ನೀವು ನೋಡಿದ್ದೀರಿ. ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಬೈಕಿನ ಹಿಂದೆ ಕೂತು, ಆರಡಿ ಉದ್ದದ ಗಾಜಿನ ಟ್ಯೂಬಿನ ಡಬ್ಬವನ್ನು ನೆಟ್ಟಗೆ ಹಿಡಿದುಕೊಂಡು, ಪಕ್ಕದ ಆಟೋದವರಿಂದ ಬೈಸಿಕೊಳ್ಳುತ್ತಿದ್ದವನು ನಾನೋ ನನ್ನ ಹುಡುಗನೋ ಇರಬೇಕು. ನನ್ನ ಹೆಸರು ನಿಮಗೆ ಗೊತ್ತಿಲ್ಲ. ನಿಮ್ಮ ಫೋನಿನಲ್ಲಿ ನಾನು ‘ಸೋಲಾರ್’, ಇಲ್ಲವೇ ‘ಸೋಲಾರ್ 2’. ಮೊದಲನೆಯವನು ಫೋನ್ ಎತ್ತದಿದ್ದಾಗ ಸಿಕ್ಕವನು. ಇಪ್ಪತ್ತೆರಡು ವರ್ಷದಿಂದ ಈ ಊರಿನ ತಾರಸಿಗಳ ಮೇಲೆ ಬಿಸಿನೀರಿನ ಕೆಲಸ ಮಾಡಿಕೊಂಡಿದ್ದೇನೆ. ಸರಸ್ವತೀಪುರಂನ ಹಳೇ ಮನೆಗಳ ಹೆಂಚಿನ ಮಗ್ಗುಲಲ್ಲಿ ಸ್ಟ್ಯಾಂಡ್ ನಿಲ್ಲಿಸಿದ್ದೇನೆ, ವಿಜಯನಗರ ನಾಲ್ಕನೇ ಹಂತದಲ್ಲಿ ಸುತ್ತ ಒಂದೂ ಮನೆ ಇಲ್ಲದಿದ್ದ ಕಾಲದಲ್ಲಿ ಗಾಳಿಗೆ ಹಾರಿಹೋಗದಂತೆ ಪ್ಯಾನೆಲ್ ಬಿಗಿದಿದ್ದೇನೆ, ದಟ್ಟಗಳ್ಳಿಯಲ್ಲಿ ಮೂರನೇ ಅಂತಸ್ತಿಗೆ ಹಗ್ಗದಲ್ಲಿ ಟ್ಯಾಂಕು ಎಳೆದಿದ್ದೇನೆ. ಇವತ್ತು ಕೇಳುತ್ತಿರುವುದು ಒಂದೇ ಒಂದು ಉಪಕಾರ. ಮೋಲ್ಡ್ ಹಾಕುವ ಮುಂಚೆ, ಸೆಂಟ್ರಿಂಗ್ ಕಟ್ಟುವುದಕ್ಕೂ ಮುಂಚೆ, ಸಾಧ್ಯವಾದರೆ ಪ್ಲಾನು ಇನ್ನೂ ಕಾಗದದ ಮೇಲಿರುವಾಗಲೇ, ಸೋಲಾರಿನವನನ್ನು ಒಂದು ಸಲ ಕರೆಯಿರಿ.

ಈಗ ನಮ್ಮನ್ನು ಕರೆಯುವ ಹೊತ್ತು ಯಾವುದು ಗೊತ್ತೇ? ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ. ಪೇಂಟಿನವನು ಕೊನೇ ಕೋಟ್ ಮುಗಿಸಿ ಬ್ರಷ್ ತೊಳೆಯುತ್ತಿರುತ್ತಾನೆ, ಶಾಮಿಯಾನದವನು ಕಂಬ ಇಳಿಸುತ್ತಿರುತ್ತಾನೆ, ಅಡುಗೆ ಭಟ್ಟರು ಬಂದು ಒಲೆ ಎಲ್ಲಿ ಹೂಡಲಿ ಎಂದು ಕೇಳುತ್ತಿರುತ್ತಾರೆ. ಆಗ ಯಾರಿಗೋ ನೆನಪಾಗುತ್ತದೆ: ‘ಅಯ್ಯೋ, ಸೋಲಾರ್ ಆಗಿಲ್ವಲ್ರೀ!’ ನಾವು ಓಡಿ ಬರುತ್ತೇವೆ. ಮೇಲೆ ಹತ್ತಿ ಐದು ನಿಮಿಷ ನಿಂತರೆ ಸಾಕು, ಮುಂದಿನ ಹದಿನೈದು ವರ್ಷ ಈ ಮನೆಯಿಂದ ಯಾವ ಯಾವ ದೂರಿನ ಫೋನು ಬರುತ್ತದೆ ಎಂದು ಹೇಳಬಲ್ಲೆ. ಹೇಳುವುದಿಲ್ಲ. ಮೂರು ದಿನದಲ್ಲಿ ಹಾಲು ಉಕ್ಕಿಸುವವರಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ಮೊದಲು ನೆರಳಿನ ವಿಷಯ. ಸೋಲಾರ್ ಹಾಳಾಗುವುದು ತುಕ್ಕಿನಿಂದ ಅಂತ ನೀವು ತಿಳಿದಿದ್ದೀರಿ. ನಾನು ಕಂಡಂತೆ ಈ ಊರಿನ ಅರ್ಧಕ್ಕರ್ಧ ಸೋಲಾರ್‌ಗಳನ್ನು ತಿಂದಿರುವುದು ನೆರಳು. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಬಿಸಿನೀರು ನಿಜವಾಗಿ ಬೇಕಾಗುವ ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ. ದಕ್ಷಿಣದ ಆಕಾಶದಲ್ಲಿ 54 ಡಿಗ್ರಿ ಎತ್ತರದಲ್ಲಿ ನಿಂತು ಹಾಗೇ ಇಳಿದುಬಿಡುತ್ತಾನೆ. ಆ ದಿನಗಳಲ್ಲಿ 10 ಅಡಿ ಎತ್ತರದ ಗೋಡೆಯ ನೆರಳು ಮಧ್ಯಾಹ್ನಕ್ಕೆ 7 ಅಡಿ. ಬೆಳಿಗ್ಗೆ ಒಂಬತ್ತೂವರೆಗೆ ಅದೇ ಗೋಡೆ ವಾಯವ್ಯದ ಕಡೆಗೆ 15 ಅಡಿ ನೆರಳು ಚಾಚಿರುತ್ತದೆ. ಇದಕ್ಕೆ ದೊಡ್ಡ ಓದು ಬೇಡ, ಒಂದು ಕೋಲು ನೆಟ್ಟು ನೋಡಿದರೆ ಗೊತ್ತಾಗುತ್ತದೆ.

ಇನ್ನು ನಿಮ್ಮ ವಾಸ್ತು. ವಾಸ್ತು ನೋಡುವವರನ್ನು ಹೀಗಳೆಯಲು ನಾನು ಈ ಪತ್ರ ಬರೆಯುತ್ತಿಲ್ಲ, ನಾನೂ ಬಾಗಿಲಿಗೆ ಕುಂಬಳಕಾಯಿ ಕಟ್ಟಿದವನೇ. ಆದರೆ ನೈಋತ್ಯ ಎತ್ತರವಿರಬೇಕು, ಭಾರ ಅಲ್ಲೇ ಇರಬೇಕು ಎಂದು ಮೆಟ್ಟಿಲ ಹೆಡ್‌ರೂಮನ್ನು ಆ ಮೂಲೆಯಲ್ಲಿ ಕಟ್ಟಿಸುತ್ತೀರಿ, ಅದರ ತಲೆಯ ಮೇಲೆ ನೀರಿನ ಟ್ಯಾಂಕು ಇಡಿಸುತ್ತೀರಿ. ಅಲ್ಲಿಗೆ ತಾರಸಿಯಿಂದ 15–16 ಅಡಿ ಎತ್ತರದ ಗೋಪುರವೊಂದು ಎದ್ದಿತು. ಚಳಿಗಾಲದ ಮೂರು ಗಂಟೆಯ ಬಿಸಿಲಿಗೆ ಅದರ ನೆರಳು ಈಶಾನ್ಯದ ಕಡೆಗೆ ಇಪ್ಪತ್ತು ಅಡಿ ದಾಟುತ್ತದೆ. 30×40ರ ಸೈಟಿನಲ್ಲಿ ಸುತ್ತ ಜಾಗ ಬಿಟ್ಟು ಉಳಿಯುವ ತಾರಸಿ ಎಷ್ಟು, ನೀವೇ ಲೆಕ್ಕ ಹಾಕಿ. ಉಳಿದ ಖಾಲಿ ಜಾಗ ಎಂದು ಗೃಹಪ್ರವೇಶದ ಹಿಂದಿನ ದಿನ ನೀವು ಬೆರಳು ತೋರಿಸುವುದು ಸರಿಯಾಗಿ ಆ ನೆರಳು ಬೀಳುವ ಜಾಗವನ್ನೇ.

ತಮಾಷೆಯೆಂದರೆ ಪರಿಹಾರವೂ ಅದೇ ಶಾಸ್ತ್ರದಲ್ಲಿದೆ. ಆಗ್ನೇಯ ಅಗ್ನಿಮೂಲೆ ತಾನೇ? ಹೆಡ್‌ರೂಮು ನೈಋತ್ಯದಲ್ಲೇ ಇರಲಿ. ದಕ್ಷಿಣದ ಪ್ಯಾರಪೆಟ್ಟಿನ ಉದ್ದಕ್ಕೆ, ಆಗ್ನೇಯದ ಕಡೆಗೆ ಒಂದು 8 ಅಡಿ ಜಾಗ ನಮಗೆ ಬಿಡಿ. ಗೋಪುರ ಪಕ್ಕಕ್ಕೆ ಸರಿಯುತ್ತದೆ, ಹಗಲೆಲ್ಲ ಬಿಸಿಲು. ಶಾಸ್ತ್ರದವರಿಗೂ ಒಪ್ಪಿಗೆ, ಸೂರ್ಯನಿಗೂ ಒಪ್ಪಿಗೆ. ಆದರೆ ಆ ಜಾಗದಲ್ಲಿ ನೀವು ಆಗಲೇ ಬಟ್ಟೆ ಒಗೆಯುವ ಕಲ್ಲು ಕಟ್ಟಿಸಿರುತ್ತೀರಿ.

ನಿಮ್ಮ ದಕ್ಷಿಣಕ್ಕೆ ಖಾಲಿ ಸೈಟಿದ್ದರೆ ಅದನ್ನು ಖಾಲಿ ಎಂದುಕೊಳ್ಳಬೇಡಿ. ಶ್ರೀರಾಂಪುರದ ಕಡೆ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಪ್ಯಾನೆಲ್ ಹಾಕಿದ್ದೆ. ಆರು ವರ್ಷ ಒಂದು ಫೋನಿಲ್ಲ. ಏಳನೇ ವರ್ಷ ಡಿಸೆಂಬರಿನಲ್ಲಿ ಕರೆದು, ‘ಏನಪ್ಪಾ ನಿನ್ನ ಸೋಲಾರು ಮುದುಕಾಯ್ತಾ?’ ಎಂದರು. ಹತ್ತಿ ನೋಡಿದರೆ ಪಕ್ಕದ ಸೈಟಿನಲ್ಲಿ ಮೂರಂತಸ್ತು ಎದ್ದಿದೆ. ಸೋಲಾರಿನಲ್ಲಿ ಒಂದು ವಾಷರೂ ಕೆಟ್ಟಿರಲಿಲ್ಲ. ಕೊನೆಗೆ ಹೆಡ್‌ರೂಮಿನ ಮೇಲಕ್ಕೆ ಎತ್ತಿ ಕೂರಿಸಿದೆವು. ಅದಕ್ಕೆ ತಣ್ಣೀರಿನ ಟ್ಯಾಂಕನ್ನು ಇನ್ನೂ ಮೇಲಕ್ಕೆ ಏರಿಸಬೇಕಾಯಿತು, ಸ್ಟ್ಯಾಂಡು ಮಾಡಿಸಬೇಕಾಯಿತು, ಪೈಪೆಲ್ಲ ಬದಲಾಯಿತು. ಸೋಲಾರಿನ ಅರ್ಧ ಬೆಲೆ ಸಾಗಣೆಗೇ ಹೋಯಿತು. ಮೇಷ್ಟ್ರು ದುಡ್ಡು ಎಣಿಸುತ್ತಾ, ‘ಮೊದಲೇ ಹೇಳಬಾರದಿತ್ತಾ?’ ಎಂದರು. ಮೊದಲು ನನ್ನನ್ನು ಕರೆದಿದ್ದರಲ್ಲವೇ ಹೇಳುವುದು.

ತಣ್ಣೀರಿನ ಟ್ಯಾಂಕಿನ ಎತ್ತರದ ಮಾತು ಬಂತು. ಎಲ್ಲಕ್ಕಿಂತ ಹೆಚ್ಚು ಮನೆಗಳು ಎಡವುವುದು ಇಲ್ಲೇ. ಸೋಲಾರಿನ ಒಳಗೆ ಮೋಟರಿಲ್ಲ, ಪಂಪಿಲ್ಲ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಭಾರವಾಗಿ ಕೆಳಕ್ಕಿಳಿಯುತ್ತದೆ. ಬಿಸಿಲಿರುವವರೆಗೂ ಈ ಸುತ್ತು ನಡೆಯುತ್ತಲೇ ಇರುತ್ತದೆ. ಆ ಟ್ಯಾಂಕಿಗೆ ನೀರು ತುಂಬಬೇಕಾದರೆ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಅಂದರೆ ತಾರಸಿಯಿಂದ ಏಳೆಂಟು ಅಡಿ. ಮೇಸ್ತ್ರಿಗಳು ಕಟ್ಟಿಡುವುದು ಎರಡೂವರೆ ಅಡಿಯ ಇಟ್ಟಿಗೆ ಕಟ್ಟೆ. ಕೇಳಿದರೆ ‘ಎಲ್ಲಾ ಮನೇಲೂ ಹಿಂಗೇ ಸಾರ್’ ಎನ್ನುತ್ತಾರೆ. ನಿಜ, ಎಲ್ಲ ಮನೆಯಲ್ಲೂ ಹಾಗೇ. ಅದಕ್ಕೇ ಈ ಪತ್ರ.

ಇಲ್ಲೊಂದು ತಪ್ಪೊಪ್ಪಿಗೆ. ಕೆಲಸ ಕಲಿತ ಹೊಸದರಲ್ಲಿ ಇಂಥ ಒಂದು ಮನೆಯಲ್ಲಿ, ನಾಳೆ ಬೆಳಿಗ್ಗೆ ಹೋಮ ಎನ್ನುವಾಗ, ನಮ್ಮ ಸ್ಟ್ಯಾಂಡಿನ ಹಿಂಗಾಲುಗಳನ್ನೇ ಒಂದಡಿ ಕತ್ತರಿಸಿ ಕೂರಿಸಿಬಿಟ್ಟೆ. ನೀರು ತುಂಬಿತು, ಮನೆಯವರು ಮೈಸೂರು ಪಾಕು ಕೊಟ್ಟು ಕಳಿಸಿದರು. ಪ್ಯಾನೆಲ್ ಮಾತ್ರ ಅಂಗಾತ ಮಲಗಿದಂತಾಯಿತು. ಚಳಿಗಾಲದ ಓರೆ ಬಿಸಿಲಿಗೆ ಮುಖ ಕೊಡಲೆಂದೇ ನಾವು ಅದನ್ನು ದಕ್ಷಿಣಕ್ಕೆ ಅಷ್ಟು ಓರೆಯಾಗಿ ನಿಲ್ಲಿಸುವುದು. ಮಲಗಿಸಿದರೆ ಏಪ್ರಿಲ್‌ನಲ್ಲಿ ಕುದಿಯುತ್ತದೆ, ಜನವರಿಯಲ್ಲಿ ಉಗುರುಬೆಚ್ಚಗೆ. ಆ ಮನೆಯ ಮುಂದೆ ಇವತ್ತಿಗೂ ನಾನು ಹೆಲ್ಮೆಟ್ ತೆಗೆಯದೆ ಹೋಗುತ್ತೇನೆ.

ಇನ್ನು ಪೈಪು. ಬಾತ್‌ರೂಮು ಮನೆಯ ಈ ಕೊನೆಗೆ, ಸೋಲಾರು ಆ ಕೊನೆಗೆ. ನಡುವೆ ಗೋಡೆ ಸುತ್ತಿ ಬರುವ 25 ಮೀಟರ್ ಪೈಪು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಮೀಟರಿಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಹಿಡಿಯುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ರಾತ್ರಿಯೆಲ್ಲ ಪೈಪಿನಲ್ಲಿ ಮಲಗಿ ತಣ್ಣಗಾದ ಆರು ಲೀಟರ್ ಮೊದಲು ಸುರಿಯಬೇಕು, ಆಮೇಲೆ ಬಿಸಿ. ಅದನ್ನು ಮೋರಿಗೆ ಬಿಡುತ್ತೀರಿ, ಆ ಆರು ಲೀಟರಿನ ಜಾಗಕ್ಕೆ ಹಿಂದೆ ಬಂದ ಬಿಸಿನೀರು ನೀವು ಸ್ನಾನ ಮುಗಿಸಿದ ಮೇಲೆ ಪೈಪಿನಲ್ಲೇ ಉಳಿದು ಮತ್ತೆ ತಣ್ಣಗಾಗುತ್ತದೆ. ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಒಂದು ಗಂಟೆ ಬಿಟ್ಟರೆ ಮತ್ತೆ ಅದೇ ಕಥೆ. ‘ಸೋಲಾರ್ ಬಿಸಿನೇ ಬರಲ್ಲ’ ಎಂಬ ಎಷ್ಟೋ ಫೋನಿನ ಒಳಗುಟ್ಟು ಇದು. ಮೇಲೆ ಹೋಗಿ ಟ್ಯಾಂಕಿನ ಬಾಯಲ್ಲೇ ನೀರು ಹಿಡಿದರೆ ಕೈ ಸುಡುತ್ತದೆ.

ಪ್ಲಾನು ಕಾಗದದ ಮೇಲಿರುವಾಗಲೇ ಬಾತ್‌ರೂಮುಗಳನ್ನು ಒಂದರ ಮೇಲೊಂದು, ಸೋಲಾರಿನ ನೇರ ಕೆಳಗೆ ಬರುವಂತೆ ಬರೆಸಿದರೆ ಈ ತೊಂದರೆ ಇಲ್ಲ. ಗೋಡೆಯೊಳಗೆ ಹೋಗುವ ಬಿಸಿನೀರಿನ ಪೈಪಿಗೆ ಕಪ್ಪು ಸ್ಪಂಜಿನ ಕವಚ ತೊಡಿಸಲು ಗ್ರೂವನ್ನು ಒಂದು ಅಂಗುಲ ಹೆಚ್ಚು ಅಗಲ ಮಾಡಿಸಿದರೆ ಸಾಕು. ಪ್ಲಾಸ್ಟರ್ ಆದ ಮೇಲೆ ಅದನ್ನು ಮಾಡಲು ಯಾರಿಂದಲೂ ಆಗುವುದಿಲ್ಲ, ಟೈಲ್ಸ್ ಅಂಟಿಸಿದ ಮೇಲಂತೂ ಕೇಳುವುದೇ ಬೇಡ. ಇನ್ನು ದುಡ್ಡು ಉಳಿಸಲು ಬಿಸಿನೀರಿನ ಲೈನಿಗೆ ತಣ್ಣೀರಿನ ಮಾಮೂಲಿ ಪಿವಿಸಿ ಹಾಕಿದ ಪ್ಲಂಬರ್‌ಗಳನ್ನೂ ನೋಡಿದ್ದೇನೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಬೇಯಿಸಿದ ಶಾವಿಗೆಯಂತೆ ಜೋತು ಬೀಳುತ್ತದೆ.

ಪ್ರೆಶರ್ ಪಂಪಿನ ಒಂದು ಪ್ರಸಂಗ ಹೇಳಿ ಪೈಪಿನ ಮಾತು ಮುಗಿಸುತ್ತೇನೆ. ಬೋಗಾದಿಯ ಕಡೆ ಒಂದು ಚಂದದ ಮನೆ. ತಾರಸಿಯಲ್ಲಿ ದಿನಾ ಬೆಳಿಗ್ಗೆ ನೀರು ಸುರಿಯುತ್ತಿದೆ, ಸೋಲಾರ್ ಟ್ಯಾಂಕು ತೂತಾಗಿದೆ ಎಂದು ಇಬ್ಬರು ಮೆಕ್ಯಾನಿಕ್ಕುಗಳು ಹೇಳಿ ಹೋಗಿದ್ದರು. ಟ್ಯಾಂಕು ಗಟ್ಟಿಯಾಗಿತ್ತು. ನೀರು ಬರುತ್ತಿದ್ದುದು ಏರ್ ವೆಂಟಿನಿಂದ, ಅಂದರೆ ಟ್ಯಾಂಕಿನ ಉಸಿರಿಗೆಂದು ನೆಟ್ಟಗೆ ಬಿಟ್ಟ ಕೊಳವೆಯಿಂದ. ಮಳೆಯಂತೆ ಷವರ್ ಸುರಿಯಲೆಂದು ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪು ಹಾಕಿಸಿದ್ದರು. ಒಂದು ಬಾತ್‌ರೂಮಿನಲ್ಲಿ ಮಿಕ್ಸರಿನ ಬಿಸಿ, ತಣ್ಣನೆ ಎರಡೂ ಕಿವಿ ತೆರೆದಿಟ್ಟು, ಮುಂದಿನ ಬಾಯಿ ಮಾತ್ರ ಮುಚ್ಚುವ ಅಭ್ಯಾಸ ಆ ಮನೆಯ ಹುಡುಗನಿಗೆ. ಪಂಪಿನ ರಭಸಕ್ಕೆ ತಣ್ಣೀರು ಮಿಕ್ಸರಿನೊಳಗೇ ದಾಟಿ, ಬಿಸಿನೀರಿನ ಪೈಪು ಹತ್ತಿ, ಮೇಲಿನ ಟ್ಯಾಂಕು ತುಂಬಿ, ವೆಂಟಿನಿಂದ ತಾರಸಿಗೆ. ಮನೆಯವರು ದಿನಾ ಬಿಸಿನೀರನ್ನು ತಾರಸಿಗೆ ಅಭಿಷೇಕ ಮಾಡಿ, ಕೆಳಗೆ ಗೀಸರ್ ಹಾಕಿಕೊಂಡು ಸ್ನಾನ ಮಾಡುತ್ತಿದ್ದರು. ಕಿವಿ ಮುಚ್ಚಿದೆ, ರಿಪೇರಿ ಮುಗಿಯಿತು. ಎರಡು ಕಿವಿ ತಿರುಗಿಸಿದ್ದಕ್ಕೆ ಎಷ್ಟು ಕೇಳುವುದು ಎಂದು ನನಗೂ ತಿಳಿಯಲಿಲ್ಲ, ಎಷ್ಟು ಕೊಡುವುದು ಎಂದು ಅವರಿಗೂ. ಪಂಪು ಬೇಕೇ ಬೇಕಿದ್ದರೆ ಎರಡೂ ಲೈನಿಗೆ ಹಾಕಿಸಬೇಕು, ದಾಟದಂತೆ ಎನ್‌ಆರ್‌ವಿ, ಅಂದರೆ ನೀರನ್ನು ಹಿಂದಕ್ಕೆ ಬಿಡದ ವಾಲ್ವು, ಕೂರಿಸಬೇಕು, ಅದಕ್ಕೆ ಪೈಪು ಮೊದಲೇ ಬೇರೆ ಬೇರೆ ಹೋಗಿರಬೇಕು. ಮತ್ತೆ ಬಂತು ನೋಡಿ, ಮೊದಲೇ.

ನೀರು ಯಾವುದು ಎಂದು ನಾನು ಕೇಳಿದಾಗ ‘ನೀರು ಅಂದ್ರೆ ನೀರು’ ಎನ್ನಬೇಡಿ. ಮೈಸೂರಿಗೆ ಹೊಂಗಳ್ಳಿ, ಮೇಳಾಪುರದಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ ನೀರು ಬರುತ್ತದೆ. ಹಳೇ ಬಡಾವಣೆಗಳಿಗೆ ಈ ಹೊಳೆ ನೀರಿನ ಭಾಗ್ಯ. ಚಾಮರಾಜಪುರಂನಲ್ಲಿ ಹದಿನೆಂಟು ವರ್ಷದ ತಾಮ್ರದ ಪ್ಯಾನೆಲ್ ಇವತ್ತೂ ಕೆಲಸ ಮಾಡುತ್ತಿದೆ. ಊರಂಚಿನ ಖಾಸಗಿ ಬಡಾವಣೆಗಳಲ್ಲಿ ಬೋರ್ ನೀರು. ಗಡಸು ನೀರು ಬಿಸಿಯಾದಷ್ಟೂ ಅದರ ಸುಣ್ಣ ಪದರಗಟ್ಟುತ್ತದೆ. ನಿಮ್ಮ ಅಡುಗೆಮನೆಯ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಹಕ್ಕಳೆಯೇ ಪ್ಯಾನೆಲಿನ ಸಣ್ಣ ತಾಮ್ರದ ಕೊಳವೆಯೊಳಗೂ ಕೂರುತ್ತದೆ. ನಾಲ್ಕೈದು ವರ್ಷಕ್ಕೆ ಕೊಳವೆ ಹೃದ್ರೋಗಿಯ ರಕ್ತನಾಳದಂತಾಗುತ್ತದೆ. ಆಸಿಡ್ ಹಾಕಿ ತೊಳೆಯಬಹುದು, ತೊಳೆದಷ್ಟೂ ತಾಮ್ರ ತೆಳುವಾಗುತ್ತದೆ. ಅಂಥ ಕಡೆ ಗಾಜಿನ ಟ್ಯೂಬಿನದು ಹಾಕಿಸಿ. 58 ಮಿ.ಮೀ. ದಪ್ಪದ ಟ್ಯೂಬಿನಲ್ಲಿ ಸುಣ್ಣ ಕೂತರೂ ಬಿಚ್ಚಿ ಬ್ರಷ್ ಹಾಕಿ ಉಜ್ಜಬಹುದು. ಟ್ಯೂಬು ಎರಡು ಪದರದ ಗಾಜು, ನಡುವೆ ಗಾಳಿ ತೆಗೆದಿರುತ್ತದೆ, ಫ್ಲಾಸ್ಕಿನ ಹಾಗೆ. ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಕನ್ನಡಿ ಬಣ್ಣ ಕಾಣುತ್ತದಲ್ಲ, ಅದು ಹಾಲಿನಂತೆ ಬಿಳಿಚಿಕೊಂಡರೆ ಆ ಟ್ಯೂಬಿನ ಕತೆ ಮುಗಿಯಿತು ಅಂತ; ಗಾಜು ಒಡೆಯದಿದ್ದರೂ ಸತ್ತಿದೆ. ಇನ್ನೊಂದು: ನೀರಿಲ್ಲದೆ ಒಣಗಿ ಬಿಸಿಲಿಗೆ ಕಾದ ಟ್ಯೂಬಿಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಪಟಪಟನೆ ಸೀಳುತ್ತದೆ. ನೀರು ನಿಂತು ಬಂದ ದಿನ ಸಂಜೆಯವರೆಗೆ ತಾಳ್ಮೆ ಇರಲಿ, ಇಲ್ಲವೇ ಮರುದಿನ ಬೆಳಗಿನ ಜಾವ ತುಂಬಿಸಿ.

ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ, ಆನೋಡ್ ರಾಡ್. ಟ್ಯಾಂಕಿಗೆ ಬರುವ ತುಕ್ಕನ್ನು ತನ್ನ ಮೈಮೇಲೆ ಎಳೆದುಕೊಂಡು ತಾನು ಸವೆಯುವುದೇ ಅದರ ಕೆಲಸ. ಸವೆದ ಮೇಲೆ ಬದಲಾಯಿಸಬೇಕು. ಈ ಊರಿನಲ್ಲಿ ಅದನ್ನು ತಾವಾಗಿ ಕೇಳಿ ಬದಲಾಯಿಸಿಕೊಂಡವರನ್ನು ನಾನು ಒಂದು ಕೈ ಬೆರಳಲ್ಲಿ ಎಣಿಸಬಲ್ಲೆ.

‘ಇಷ್ಟೆಲ್ಲ ರಗಳೆ ಯಾಕೆ, ಕಾನೂನಿಗೆ ಒಂದು ಇರಲಿ ಅಂತ ಹಾಕಿಸ್ತಿದೀವಪ್ಪ’ ಎನ್ನುವವರೂ ಇದ್ದೀರಿ. ಕರ್ನಾಟಕ ಸರ್ಕಾರ 2007ರಲ್ಲಿ ನಗರಗಳ ಹೊಸ ಮನೆಗಳಿಗೆ ಸೋಲಾರ್ ನೀರು ಕಾಯಿಸುವ ಸಾಧನ ಕಡ್ಡಾಯ ಮಾಡಿತು. 1200 ಚದರಡಿ ನಿವೇಶನ, ಅದರಲ್ಲಿ 600 ಚದರಡಿ ಕಟ್ಟಡ ಇದ್ದರೆ ಸಾಕು. 1200 ಎಂದರೆ ನಮ್ಮ 30×40. ಮೈಸೂರಿನ ಮಧ್ಯಮವರ್ಗದ ಮನೆ ಎಂದರೇ ಅದು. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಸಿಗುತ್ತಿತ್ತು. ಆಗ ನಮಗೆ ಸುಗ್ಗಿ. ಕೇಂದ್ರದ ಸಬ್ಸಿಡಿ 2014ರಲ್ಲಿ ನಿಲ್ಲುವವರೆಗೂ ಸುಗ್ಗಿಯೇ. ಆದರೆ ಆ ಸುಗ್ಗಿಯೇ ಒಂದು ಕೆಟ್ಟ ಜಾತಿಯನ್ನೂ ಹುಟ್ಟಿಸಿತು: ‘ಮೀಟರ್ ಸೋಲಾರ್’. ಕರೆಂಟಿನ ಮೀಟರು ಬರುವವರೆಗೆ ತಾರಸಿಯ ಮೇಲೆ ನಿಂತಿದ್ದರೆ ಸಾಕು ಎಂಬ ಅಗ್ಗದ ಮಾಲು. ತೆಳು ತಗಡು, ಒಳಗೆ ಶಾಖ ಹಿಡಿಯುವ ಫೋಮು ಅಲ್ಲಲ್ಲಿ ಮಾತ್ರ. ಬೆಳಿಗ್ಗೆ ಹೊರಗಿನ ತಗಡು ಮುಟ್ಟಿದರೆ ಬೆಚ್ಚಗಿದ್ದರೆ ಅದು ಒಳಗಿನ ಬಿಸಿ ಹೊರಗೆ ಸೋರಿದ್ದು ಎಂದು ಅರ್ಥ. ಯಜಮಾನರು ‘ನೋಡು, ಎಷ್ಟು ಚೆನ್ನಾಗಿ ಕಾದಿದೆ’ ಎಂದು ತಟ್ಟಿ ತೋರಿಸುತ್ತಾರೆ.

ಕಾನೂನನ್ನು ಬಿಡಿ, ಲೆಕ್ಕ ನೋಡಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಹೇಗೇ ಕಾಯಿಸಿದರೂ 4 ಯೂನಿಟ್ಟಿನಷ್ಟು ಶಾಖ ಬೇಕು. 200 ಲೀಟರಿಗೆ 8. ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್ಲನ್ನು ‘ಇರಲಿ ಬಿಡು’ ಎಂದು ದಿನಾ ರಾತ್ರಿ ಹಾಕಿಟ್ಟು ಮಲಗುವ ಮನೆಗಳಿವೆ. ಬೆಳಿಗ್ಗೆ ಬಿಸಿಲು ಬರುವಷ್ಟರಲ್ಲಿ ಟ್ಯಾಂಕು ಆಗಲೇ ಕಾದಿರುತ್ತದೆ, ಸೂರ್ಯನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ದಿನಕ್ಕೆ 8 ಯೂನಿಟ್ ಎಂದರೆ ತಿಂಗಳಿಗೆ 240. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಎಂಬ ಗೆರೆ ಎಲ್ಲರಿಗೂ ಬಾಯಿಪಾಠ. ದೀಪ, ಫ್ರಿಜ್ಜು, ಮಿಕ್ಸಿ ಯಾವುದೂ ಇಲ್ಲದೆ ಬರೀ ಈ ಕಾಯಿಲ್ ಒಂದೇ ಆ ಗೆರೆ ದಾಟಿಸುತ್ತದೆ. ಕರೆಂಟು ಕೊಡುವ ಸೆಸ್ಕ್‌ನವರ ಮೀಟರ್ ವಿಪರೀತ ಓಡುತ್ತಿದೆ ಎಂದು ಜಗಳಕ್ಕೆ ಹೋದ ಒಬ್ಬರ ಮನೆಯಲ್ಲಿ ನಾನು ಸುಮ್ಮನೆ ಒಂದು ಸ್ವಿಚ್ಚು ಆರಿಸಿ ಬಂದಿದ್ದೇನೆ. ಆ ಸ್ವಿಚ್ಚನ್ನು ತಾರಸಿಯಲ್ಲಿ ಇಡಬೇಡಿ, ಕಣ್ಣಿಗೆ ಕಾಣುವ ಕಡೆ ಕೆಂಪು ದೀಪದ ಜೊತೆ ಇಡಿಸಿ. ಅದಕ್ಕೂ ವೈರು ಎಳೆಯುವಾಗಲೇ ಹೇಳಬೇಕು. ಅರ್ಥಿಂಗು ಸರಿಯಾಗಿ ಕೊಡಿಸಿ. ನೀರು, ಕರೆಂಟು ಒಂದೇ ಟ್ಯಾಂಕಿನಲ್ಲಿವೆ.

ಈಗ ಹೊಸ ಮಾತು ಶುರುವಾಗಿದೆ: ನೀರಿನ ಸೋಲಾರ್ ತೆಗೆಸಿ ಕರೆಂಟಿನ ಸೋಲಾರ್ ಹಾಕಿಸೋಣವೇ ಅಂತ. 2024ರಲ್ಲಿ ಪಿಎಂ ಸೂರ್ಯಘರ್ ಬಂತು, 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ. ಹಾಕಿಸಿ, ಒಳ್ಳೆಯದೇ. ಆದರೆ ನೀರು ಕಾಯಿಸಲು ಅಂತ ಇದನ್ನು ಕಿತ್ತು ಅದನ್ನು ಹಾಕಿಸಬೇಡಿ. 2 ಚದರ ಮೀಟರ್ ಜಾಗದ ಕರೆಂಟಿನ ಪ್ಯಾನೆಲ್ ದಿನಕ್ಕೆ ಸುಮಾರು 2 ಯೂನಿಟ್ ಕೊಟ್ಟರೆ, ಅಷ್ಟೇ ಜಾಗದ ನೀರಿನ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 4 ಯೂನಿಟ್ಟಿನಷ್ಟು ಶಾಖ ಹಿಡಿದಿಡುತ್ತದೆ. ಬಿಸಿಲನ್ನು ಕರೆಂಟು ಮಾಡಿ, ಕರೆಂಟನ್ನು ಮತ್ತೆ ಬಿಸಿ ಮಾಡುವುದು ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದಂತೆ. ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೇನೆ ಎನ್ನಿಸಬಹುದು. ಸ್ವಲ್ಪ ಹೌದು.

ನಮ್ಮ ಅಜ್ಜಿಯ ಮನೆ ಬಚ್ಚಲಲ್ಲಿ ಹೂತ ತಾಮ್ರದ ಹಂಡೆಯಿತ್ತು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಮಾಲೆ ಹಾಕುತ್ತಿದ್ದರು. ಹಂಡೆ ಯಾವತ್ತೂ ಮನೆ ಕಟ್ಟಿದ ಮೇಲೆ ನೆನಪಾದದ್ದಲ್ಲ. ಬಚ್ಚಲು ಎಲ್ಲಿ ಎಂದು ಗೆರೆ ಎಳೆದ ದಿನವೇ ಒಲೆ ಎಲ್ಲಿ, ಹೊಗೆ ಎಲ್ಲಿ ಹೋಗಬೇಕು, ಸೌದೆ ಎಲ್ಲಿ ಒಟ್ಟಬೇಕು ಎಲ್ಲ ತೀರ್ಮಾನವಾಗುತ್ತಿತ್ತು. ಈಗಿನ ನಮ್ಮ ಸೋಲಾರೂ ಅಂಥ ಒಂದು ಹಂಡೆಯೇ, ಒಲೆ ಮಾತ್ರ ದೂರದಲ್ಲಿದೆ. ಅಮೆರಿಕದಲ್ಲಿ 1891ರಲ್ಲೇ ಕ್ಲಾರೆನ್ಸ್ ಕೆಂಪ್ ಎಂಬಾತ ಗಾಜಿನ ಪೆಟ್ಟಿಗೆಯಲ್ಲಿ ಕಪ್ಪು ಟ್ಯಾಂಕಿಟ್ಟು ಮಾರಿದ. ಸಂಜೆಗೆ ಬಿಸಿ, ಬೆಳಿಗ್ಗೆಗೆ ತಣ್ಣಗೆ. ಬೆಳಗಿನ ಸ್ನಾನದವರಿಗೆ ಏನೂ ಉಪಯೋಗವಿಲ್ಲ. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಕಾಯುವ ಪೆಟ್ಟಿಗೆಯನ್ನೂ ಇಡುವ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕಿಗೆ ಬೆಚ್ಚನೆ ಹೊದಿಕೆ ಹೊದಿಸಿದ. ನಾನು ದಿನಾ ಹೆಗಲ ಮೇಲೆ ಹೊರುವುದು ಹೆಚ್ಚುಕಡಿಮೆ ಅದೇ. ಇಸ್ರೇಲಿನಲ್ಲಿ 1980ರಿಂದ ಹೊಸ ಮನೆಗೆ ಇದು ಕಡ್ಡಾಯ, ನಮಗಿಂತ ಇಪ್ಪತ್ತೇಳು ವರ್ಷ ಮೊದಲು.

ಹೊರುವುದು ಎಂದೆ. ಈ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 200 ಲೀಟರಿನ ಟ್ಯಾಂಕು ಹೆಚ್ಚುಕಡಿಮೆ ಒಬ್ಬ ಆಳಿನ ಉದ್ದ, ತೋಳಿನಲ್ಲಿ ತಬ್ಬಿದರೆ ಸಿಗದ ದಪ್ಪ. ನಿಮ್ಮ ತಾರಸಿಗೆ ಚಂದ ಕಾಣಲಿ ಎಂದು ಕಬ್ಬಿಣದ ಸುರುಳಿ ಮೆಟ್ಟಿಲು ಹಾಕಿಸುತ್ತೀರಿ. ಅದರಲ್ಲಿ ಟ್ಯಾಂಕು ತಿರುಗುವುದಿಲ್ಲ. ಹಾಗಾಗಿ ಪ್ಯಾರಪೆಟ್ಟಿನ ಮೇಲೆ ಇಬ್ಬರು ನಿಂತು ಹೊರಗಿನಿಂದ ಹಗ್ಗದಲ್ಲಿ ಎಳೆಯುತ್ತೇವೆ, ಕೆಳಗೊಬ್ಬ ಗೋಡೆಗೆ ತಾಗದಂತೆ ದೂಡುತ್ತಾನೆ. ಮೂರಡಿ ಆಚೆ ಬೀದಿ ಕಂಬದ ತಂತಿ. ನಿಮ್ಮ ಹೊಸ ಪೇಂಟಿಗೆ ಗೀರು ಬಿತ್ತು ಎಂದು ಕೂಗಿದ್ದೀರಿ. ಆ ಹೊತ್ತಿನಲ್ಲಿ ನನ್ನ ಹುಡುಗನ ಕಾಲು ಎಲ್ಲಿತ್ತು ಎಂದು ಯಾರೂ ನೋಡಿಲ್ಲ. ಹೆಡ್‌ರೂಮಿನ ಮೇಲೆ ಹತ್ತಲು ಏಣಿ ಇಲ್ಲದ ಮನೆಗಳೇ ಹೆಚ್ಚು. ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ನಾವು. ಜೊತೆಗೆ ಕೆಲಸ ಕಲಿತ ಗೆಳೆಯನೊಬ್ಬ ಹಾಗೆಯೇ ಜಾರಿ ಸೊಂಟ ಮುರಿದುಕೊಂಡು ಈಗ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ. ಮೋಲ್ಡ್ ಹಾಕುವಾಗ ನಾಲ್ಕು ಕಬ್ಬಿಣದ ಮೆಟ್ಟಿಲನ್ನು ಗೋಡೆಗೆ ಹೂಳಿಸಿ, ತಾರಸಿಯ ಅಂಚಿನಲ್ಲಿ ಬೆಲ್ಟು ಸಿಕ್ಕಿಸಲು ಎರಡು ಗಟ್ಟಿ ಕೊಂಡಿ ಬಿಡಿಸಿ. ಮನೆಯ ಖರ್ಚಿನಲ್ಲಿ ಅದು ಕಾಣುವುದೂ ಇಲ್ಲ.

ನಮ್ಮ ಕಡೆಯ ತಪ್ಪುಗಳೂ ಇವೆ. ಈ ಕೆಲಸಕ್ಕೆಂದೇ ಯಾರೂ ನಮಗೆ ಕೂರಿಸಿ ಪಾಠ ಹೇಳಲಿಲ್ಲ. ಸೂರ್ಯಮಿತ್ರ ಎಂದು ತರಬೇತಿ ಇದೆ, ಅದು ಕರೆಂಟಿನ ಪ್ಯಾನೆಲಿನದು. ನಾವು ಅರ್ಧ ಪ್ಲಂಬರ್, ಕಾಲು ಎಲೆಕ್ಟ್ರಿಷಿಯನ್, ಕಾಲು ವೆಲ್ಡರ್. ಒಬ್ಬ ಹಿರಿಯನ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡಿ ಕಲಿತದ್ದು. ಅವನ ತಪ್ಪನ್ನೂ ಕಲಿತಿದ್ದೇವೆ. ಬರುತ್ತೇನೆ ಎಂದ ದಿನ ಬರುವುದಿಲ್ಲ ಎಂಬ ನಿಮ್ಮ ದೂರಿಗೆ ನನ್ನ ಬಳಿ ಉತ್ತರವಿಲ್ಲ. ದಸರೆಗೆ ವಾರವಿರುವಾಗ ಎಲ್ಲರ ಮನೆಗೂ ನೆಂಟರು ಬರುತ್ತಾರೆ, ಎಲ್ಲರ ಸೋಲಾರೂ ಅದೇ ವಾರ ಕೆಡುತ್ತದೆ.

ಆದರೆ ಆಷಾಢದಲ್ಲಿ ನಾವು ಖಾಲಿ. ಗೃಹಪ್ರವೇಶ ಇಲ್ಲ, ಹೊಸ ಕೆಲಸ ಇಲ್ಲ. ಚಾಮುಂಡಿಬೆಟ್ಟ ಮೋಡದೊಳಗೆ ಮುಳುಗಿ ಜಿಟಿಜಿಟಿ ಹಿಡಿದಿರುತ್ತದೆ, ‘ನೀರು ಕಾದಿಲ್ಲ’ ಎಂಬ ಫೋನುಗಳಿಗೆ ‘ಮೋಡ ಸಾರ್’ ಎಂದಷ್ಟೇ ಹೇಳಬಹುದು. ಆ ಒಂದು ತಿಂಗಳು ನೀವು ಪ್ಲಾನು ಹಿಡಿದು ಕರೆದರೆ ಯಾರೂ ಬರುವುದಿಲ್ಲ ಎನ್ನಲಾರರು. ಪ್ಲಾನು ನೋಡಿ ಹೇಳುವುದಕ್ಕೆ ನಾನಂತೂ ದುಡ್ಡು ತೆಗೆದುಕೊಳ್ಳುವುದಿಲ್ಲ, ಸೋಲಾರನ್ನು ಬೇರೆಯವರ ಹತ್ತಿರ ಕೊಂಡರೂ ಸರಿ. ಒಂದು ದಿಕ್ಸೂಚಿ, ಒಂದು ಅಳತೆ ಟೇಪು, ಒಂದು ಐದಡಿ ಕೋಲು ತರುತ್ತೇನೆ.

ಡಿಸೆಂಬರಿನಲ್ಲಿ ಸೈಟು ನೋಡಲು ಕರೆದರೆ ಮಾತ್ರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೇ ಬರುವುದು. ಊಟದ ಹೊತ್ತು ನೋಡಿಕೊಂಡು ಬಂದ ಎಂದುಕೊಳ್ಳಬೇಡಿ. ನಮ್ಮ ಗಡಿಯಾರ ಅಲಹಾಬಾದಿನ (ಈಗಿನ ಪ್ರಯಾಗರಾಜ್) ಕಡೆಯದು, ಮೈಸೂರು ಅದಕ್ಕಿಂತ ಪಶ್ಚಿಮದಲ್ಲಿದೆ. ಕೋಲಿನ ನೆರಳು ಇಲ್ಲಿ ಅತಿ ಗಿಡ್ಡವಾಗಿ, ಸರಿಯಾಗಿ ಉತ್ತರಕ್ಕೆ ಬೀಳುವುದು ಆ ಹೊತ್ತಿಗೆ.

ಇಂತಿ,
ನಿಮ್ಮ ಫೋನಿನ ‘ಸೋಲಾರ್ 2’